ಹಳೇ ಮನೆ ಮೊಸಾಯಿಕ್, ರೆಡ್ ಆಕ್ಸೈಡ್ ನೆಲ: ಪಾಲಿಶ್ ಮಾಡಿಸ್ಲಾ, ಟೈಲ್ಸ್ ಹಾಕಿಸ್ಲಾ? ಮಾಡಿಸಿದವರು ಹೇಳಿ

ಮೈಸೂರು ಹಳೇಮನೆ: ತಾತ 1968ರಲ್ಲಿ ಕಟ್ಟಿಸಿದ ಮನೆ. ಹಾಲ್ ಮೊಸಾಯಿಕ್, ಎರಡು ರೂಮು ರೆಡ್ ಆಕ್ಸೈಡ್, ಅಡುಗೆಮನೇಲಿ ಕಡಪ ಕಲ್ಲು. ಮೊಸಾಯಿಕ್ ಪೂರ್ತಿ ಮಂಕಾಗಿದೆ. ಬಚ್ಚಲಿಗೆ ಅಂಟಿಕೊಂಡಿರೋ ರೂಮಲ್ಲಿ ರೆಡ್ ಆಕ್ಸೈಡ್ ಮೇಲೆ ಬಿಳೀ ಉಪ್ಪು ಏಳ್ತಿದೆ, ಒರೆಸಿದ್ರೆ ಹೋಗತ್ತೆ, ಒಣಗಿದ್ಮೇಲೆ ಮತ್ತೆ ಬರತ್ತೆ. ಮೇಸ್ತ್ರಿ ಎಲ್ಲಾ ಕಿತ್ತಾಕಿ ವಿಟ್ರಿಫೈಡ್ ಟೈಲ್ಸ್ ಹಾಕ್ಸಿ ಅಂತಾರೆ, ನಂಗೆ ಮನಸ್ಸಿಲ್ಲ. ಖರ್ಚು ಸಮೇತ ಹೇಳಿ ಪ್ಲೀಸ್.

ಬಸವನಗುಡಿಯವ: ದಯವಿಟ್ಟು ಕೀಳಿಸ್ಬೇಡಿ. ನಾವು ಹೋದ ವರ್ಷ ಮೊಸಾಯಿಕ್‌ಗೆ ಮಶೀನ್ ಪಾಲಿಶ್ ಮಾಡಿಸಿದ್ವಿ. ಹಾಲು, ಊಟದ ಮನೆ ಸೇರಿ 640 ಚದರಡಿ, ಅಡಿಗೆ 38, ಅಲ್ಲಿಗೆ 24,320. ಇಷ್ಟೇ ಅನ್ಕೊಂಡು ಒಪ್ಕೊಂಡ್ರೆ ಆಮೇಲೆ ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಬೇರೆ ಅಂದ್ರು, ರನ್ನಿಂಗ್ ಫೀಟಿಗೆ 20ರಂತೆ 190 ಅಡಿ, 3,800. ಮೆಟ್ಲು ಬೇರೆ, ಒಂದಕ್ಕೆ 120, ಹತ್ತೊಂಬತ್ತು ಮೆಟ್ಲಿಗೆ 2,280. ಒಟ್ಟು 30,400. ಮೊಸಾಯಿಕ್‌ನ ಕಲ್ಲಿನ ಚಿಪ್ಸ್ ಎದ್ದೋಗಿರೋ ಕಡೆ ವೈಟ್ ಸಿಮೆಂಟಿಗೆ ಬಣ್ಣ ಕಲಸಿ ತುಂಬಿದ್ರು, ಒದ್ದೆ ಇದ್ದಾಗ ಸರಿಯಾಗೇ ಕಾಣ್ತಿತ್ತು ಒಣಗಿದ್ಮೇಲೆ ಎರಡು ಶೇಡ್ ತಿಳಿಯಾಯ್ತು, ಜಗಳ ಆಡಿ ಕೀಳಿಸಿ ಮತ್ತೆ ತುಂಬಿಸಿದೆ. ಇನ್ನೊಂದು, ಒರಟು ಕಲ್ಲಿಂದ ಶುರು ಮಾಡಿ 60, 120, 220, 400 ಅಂತ ನುಣುಪಿನ ಕಲ್ಲಿಗೆ ಹೋಗ್ಬೇಕು, ಮಧ್ಯ ಒಂದು ಹಾರಿಸಿದ್ರೂ ಸುರುಳಿ ಸುರುಳಿ ಗೀರು ಉಳಿಯತ್ತೆ, ಸಂಜೆ ಬಿಸಿಲು ಅಡ್ಡ ಬಿದ್ದಾಗ ಎಲ್ಲಾ ಕಾಣತ್ತೆ. ಕೆಸರು ನೀರು ಬಾಗಿಲ ಬುಡದಲ್ಲಿ ನಿಂತು ದೇವರ ಮನೆ ಬಾಗ್ಲು ಊದ್ಕೊಂಡು ಹಾಕಕ್ಕೇ ಬರ್ಲಿಲ್ಲ, ಬಡಗಿಗೆ 1,800 ಕೊಟ್ಟೆ. ಆದ್ರೂ ಕೊನೇಲಿ ಆಕ್ಸಾಲಿಕ್ ಆಸಿಡ್ ಪೌಡರ್ ಹಾಕಿ ತಿಕ್ಕಿದ್ಮೇಲೆ ಹಸಿರು, ಕಪ್ಪು ಚಿಪ್ಸ್ ಒಂದೊಂದೂ ಎದ್ದು ಕಾಣ್ತಿದೆ. ಈ ನೆಲ ಇವತ್ತು ಎರಡು ಲಕ್ಷ ಕೊಟ್ರೂ ಯಾರೂ ಹಾಕ್ಕೊಡಲ್ಲ.

ಶಹಾಬಾದ್ ಫರಸಿ: ಆಸಿಡ್ ಹೆಸರು ಎತ್ತಬ್ಯಾಡ್ರಿ! ನಮ್ದು ಕಲಬುರಗಿ, ಮನಿತುಂಬ ಶಹಾಬಾದ್ ಫರಸಿ ಕಲ್ಲು. ಮಗಳ ಮದಿವಿ ಮುಂದ ಸ್ವಚ್ಛ ಕಾಣ್ಲಿ ಅಂತ ಒಬ್ಬಾಂವನ್ನ ಕರದ್ವಿ, ಅಡಿಗಿ 9 ರೂಪಾಯಿ, 500 ಅಡಿಗಿ 4,500. ಅಂವ ಒಂದ್ ಮಾತು ಕೇಳಲಾರದ ಸಂಡಾಸ ತೊಳಿಯೋ ಆಸಿಡ್ ಫರಸಿ ಮ್ಯಾಲ ಸುರುವಿದ. ಬುಸುಬುಸು ನೊರಿ ಎದ್ದಿತು, "ಹೊಲಸು ಬಿಡ್ಲಿಕತ್ತದ ನೋಡ್ರಿ ಅಕ್ಕಾರ" ಅಂದ. ಹೊಲಸಲ್ರಿ ಅದು, ಕಲ್ಲೇ ಕರಗ್ಲಿಕತ್ತಿತ್ತು. ಇದು ಸುಣ್ಣದ ಕಲ್ಲು, ನಮ್ಮ ವಾಡಿ, ಶಹಾಬಾದ್ ಕಡಿ ಸಿಮೆಂಟ್ ಮಾಡೂದೇ ಇದ್ರಿಂದ. ನಮ್ಮತ್ತಿ ಕಾಲದಿಂದ ಓಡಾಡಿ ಓಡಾಡಿ ನುಣ್ಣಗಾದ ಫರಸಿ ಅರ್ಧ ತಾಸಿನ್ಯಾಗ ಬೆಳ್ಳಗ, ಖರಬರಾ ಆಗಿಹೋತು. ಕಸ ಹೊಡದ್ರ ಕಸಬರಗಿ ಎಳಿನೇ ಸಿಕ್ಕೋತಿತ್ತು. ಆಮ್ಯಾಲ ಕೈ ಮಶೀನಿನ್ಯಾಗ ತಿಕ್ಕಿಸಿದ್ದು ಅಡಿಗಿ 42, ಅಂದ್ರ 21,000, ಮೂಲಿಯೊಳಗ ಇನ್ನೂ ಬಿಳೀ ಕಲಿ ಹಂಗೇ ಅದಾವ. ನಿಮ್ಮ ಕಡಪಾನೂ ಅದೇ ಜಾತಿ ಕಲ್ಲು. ಲಿಂಬಿ ಹಣ್ಣಿನ ರಸ ಬಿದ್ರೂ ಕಲಿ ಕೂಡ್ತದ.

ಬಸವನಗುಡಿಯವ: ಅಕ್ಕಾ, ನಾನು ಹೇಳಿದ್ದು ಆಕ್ಸಾಲಿಕ್. ಬಾತ್‌ರೂಮ್ ಆಸಿಡ್ ಅಲ್ಲ. ಎಲ್ಲಾ ಒಂದೇ ಅಂತ ಹೆದರಿಸ್ಬೇಡಿ.

ಶಹಾಬಾದ್ ಫರಸಿ: ಆಕ್ಸಾಲಿಕ್ಕೂ ಆಸಿಡ್ಡೇ ಅಲ್ಲೇನ್ರಿ? 21,000 ಕೊಟ್ಟಾಕಿ ನಾನು, ನೀವಲ್ಲ.

ಬಸವನಗುಡಿಯವ: ಆಸಿಡ್ಡೇ, ಆದ್ರೆ ಅದು ಸುಣ್ಣದ ಜೊತೆ ಸೇರಿ ನೀರಲ್ಲಿ ಕರಗದ ತೆಳು ಪದರ ಕಟ್ಟತ್ತೆ. ಟಾಯ್ಲೆಟ್ ಆಸಿಡ್ ಮಾಡೋ ಉಪ್ಪು ನೀರಲ್ಲಿ ಕರಗಿ ಹೋಗತ್ತೆ, ಅದಕ್ಕೇ ಕಲ್ಲು ತಿನ್ನತ್ತೆ. ಪೌಡರನ್ನ ಕೊನೇ ಕಲ್ಲು ಆದ್ಮೇಲೆ ಸ್ವಲ್ಪ ನೀರಲ್ಲಿ ತಿಕ್ಕಿ ತೊಳೀತಾರೆ ಅಷ್ಟೆ.

ಹಾಸನ ಟೈಲ್ಸ್: ನಾನು ಹಳೇ ನೆಲದ ಮೇಲೇ ವಿಟ್ರಿಫೈಡ್ ಹಾಕ್ಸಿದೀನಿ, ಖುಷಿಯಾಗಿದೀನಿ. 900 ಅಡಿ, ಟೈಲ್ 62ರಂತೆ 55,800, ಟೈಲ್ ಅಂಟಿಸೋ ಗಮ್ 24 ಚೀಲ 650ರಂತೆ 15,600, ಕೂಲಿ ಅಡಿಗೆ 28, 25,200. ನೆಲ ಎತ್ತರ ಆಗಿದ್ದಕ್ಕೆ ಒಂಬತ್ತು ಬಾಗ್ಲು ಬುಡ ಕೊಯ್ಸಿದ್ದು ಒಂದಕ್ಕೆ 350, 3,150. ಒಟ್ಟು 99,750. ನಮ್ಮಮ್ಮಂಗೆ ಮಂಡಿ ನೋವು, ಒಡೆದ ರೆಡ್ ಆಕ್ಸೈಡ್ ಮೇಲೆ ಎಡವಿ ಬಿದ್ರೆ ನೀವು ಬಂದು ನೋಡ್ಕೊಳ್ತೀರಾ? ನೆಲ ಉಳಿಸಿ ನೆಲ ಉಳಿಸಿ ಅನ್ನೋರಿಗೆ ದಿನಾ ಒರೆಸೋ ಕಷ್ಟ ಗೊತ್ತಿಲ್ಲ.

ತೀರ್ಥಳ್ಳಿ ಅಂಗಳ: ಹೊಸಿಲು ಎಷ್ಟು ಹೂತೋಯ್ತು ಹೇಳಿ? ನಮ್ಮ ಚಿಕ್ಕಪ್ಪನ ಮನೇಲಿ ಹಿಂಗೇ ಮಾಡಿ ಹೊಸಿಲು ನೆಲದ ಸಮಕ್ಕೆ ಬಂದು ಮಳೆನೀರು ಜಗಲಿಯಿಂದ ಸೀದಾ ಒಳಗೆ. ರೆಡ್ ಆಕ್ಸೈಡಿಗೆ ತೆಂಗಿನೆಣ್ಣೆ ನಾಲ್ಕು ಹನಿ ಹಾಕಿ ಹಳೇ ಪಂಚೆ ತುಂಡಲ್ಲಿ ಉಜ್ಜಿ, ಸಾಕು.

ಹಾಸನ ಟೈಲ್ಸ್: ಎಣ್ಣೆ ಹಚ್ಚಿದ ನೆಲದ ಮೇಲೆ ವಯಸ್ಸಾದವರು ನಡೀಬೇಕಾ? ತಲೆ ಸರಿ ಇದ್ಯಾ?

ತೀರ್ಥಳ್ಳಿ ಅಂಗಳ: ಉಜ್ಜಿ ಒಣಬಟ್ಟೇಲಿ ಪೂರ್ತಿ ತೆಗೀಬೇಕು ಕಣ್ರೀ, ಸುರಿದು ಬಿಡೋದಲ್ಲ. ನಮ್ಮಜ್ಜಿ 86ರವರೆಗೆ ಅದೇ ನೆಲದ ಮೇಲೆ ಓಡಾಡಿದ್ರು. ಒಡೆದ ಕಡೆ ತೇಪೆ ಮಾತ್ರ ಹಾಕಿಸ್ಬೇಡಿ, ಹೊಸ ಆಕ್ಸೈಡ್ ಪುಡಿ ಹಳೇ ಬಣ್ಣಕ್ಕೆ ಯಾವತ್ತೂ ಕೂಡಲ್ಲ.

ಕುಡ್ಲದ ಹಂಚು: ನಮ್ಮದು ಮಣ್ಣಿನ ಹಂಚಿನ ನೆಲ ಮಾರಾಯ್ರೆ, ಚಪ್ಪಟೆ ಚೌಕದ್ದು. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಹೊಳೆ ಬದಿಯಲ್ಲಿ ಎಷ್ಟು ಕಾರ್ಖಾನೆ ಇತ್ತು, ಈಗ ಹೆಚ್ಚಿನದ್ದು ಮುಚ್ಚಿ ಆಗಿದೆ, ಒಂದು ಒಡೆದರೆ ಅದೇ ಅಳತೆಯದ್ದು ಸಿಗುವುದಿಲ್ಲ. ಕೆಡವುವ ಮನೆಯಿಂದ ಒಂದಕ್ಕೆ 35 ಕೊಟ್ಟು ತಂದೆ, ಪಿಕಪ್‌ನಲ್ಲಿ ಬರುವಾಗಲೇ ಸುಮಾರು ಪುಡಿ. ಅದಲ್ಲ ವಿಷಯ. ಒಬ್ಬರು ಹೊಳಪಿನ ಕೋಟಿಂಗ್ ಕೊಟ್ಟರು, 420 ಅಡಿಗೆ 28ರ ಹಾಗೆ 11,760. ಎಪ್ರಿಲಿನಲ್ಲಿ ನೋಡಲಿಕ್ಕೆ ಚಂದ ಇತ್ತು, ಆಟಿಯ ಮಳೆಯಲ್ಲಿ ಅಡಿಯಿಂದ ನೀರಿನ ಪಸೆ ಮೇಲೆ ಬಂತು, ಹೋಗಲಿಕ್ಕೆ ದಾರಿ ಇಲ್ಲದೆ ಕೋಟಿಂಗ್ ಬಿಳಿ ಬಿಳಿ ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಎದ್ದುಬಂತು. ತೆಗೆಸಲಿಕ್ಕೆ 15,000. ಮೈಸೂರಿನವರೇ, ನಿಮ್ಮ ಉಪ್ಪಿನ ಕತೆಯೂ ಇದೇ. ಬಚ್ಚಲಿನ ಪೈಪ್, ಮೋರಿ ಎಲ್ಲಿ ಸೋರ್ತದೆ ಮೊದಲು ನೋಡಿ. ನೀರು ನಿಲ್ಲುವವರೆಗೆ ಅದರ ಮೇಲೆ ಸೀಲರ್, ಪೇಂಟ್, ಟೈಲ್ಸ್ ಯಾವುದೂ ಬೇಡ. ಉಪ್ಪನ್ನು ಒಣ ಬ್ರಶ್‌ನಲ್ಲಿ ಕೆರೆದು ಮೊರದಲ್ಲಿ ತುಂಬಿ ಹೊರಗೆ ಬಿಸಾಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕರಗಿ ಪುನಃ ಒಳಗೇ ಹೋಗ್ತದೆ, ಅದಕ್ಕೇ ನಿಮಗೆ ಮತ್ತೆ ಮತ್ತೆ ಬರುವುದು.

ಹಾಸನ ಟೈಲ್ಸ್: ಅಂದ್ರೆ ನನ್ನ ಟೈಲ್ಸ್ ಕೆಳಗೂ ಪಸೆ ಇರತ್ತೆ ಅಂತಾನಾ?

ಕುಡ್ಲದ ಹಂಚು: ನಿಮಗೆ ಯಾರು ಹೇಳಿದ್ದು? ನಿಮ್ಮ ನೆಲದಲ್ಲಿ ಉಪ್ಪು ಬರ್ತಿತ್ತಾ? ಇಲ್ಲ ಅಲ್ವಾ? ಮತ್ತೆ ಯಾಕೆ ಕೋಪ?

ಮೈಸೂರು ಹಳೇಮನೆ: ಎಲ್ರಿಗೂ ಥ್ಯಾಂಕ್ಸ್. ಪ್ಲಂಬರ್‌ಗೆ ಫೋನ್ ಮಾಡಿದೀನಿ, ಗೀಸರ್ ಪೈಪ್ ಹೋಗೋ ಗೋಡೆ ಬುಡದಲ್ಲೂ ಉಪ್ಪು ಕಾಣ್ತಿದೆ. ಬಸವನಗುಡಿ ಸಾರ್, 38ರಲ್ಲಿ ಸ್ಕರ್ಟಿಂಗ್ ಸೇರಿತ್ತಾ?

ಬಸವನಗುಡಿಯವ: ಇಲ್ಲ ರೀ, ಅದು ಬೇರೆ, ಮೇಲೇ ಬರ್ದಿದೀನಿ. ಮೆಟ್ಲೂ ಬೇರೆ. ಕೆಲ್ಸ ಶುರುವಾಗೋಕೆ ಮುಂಚೆ ಎಲ್ಲಾ ಬರೆಸ್ಕೊಳ್ಳಿ.