‘ಬ್ರೇಕ್ ಲೈನು’, ‘ಹವಾ ತೆಗೆಯುವುದು’, ‘ಆವಿಗಟ್ಟು’: ಹಳೆಯ ಕಾರಿನ ಕೊಳವೆಗಳಿಗೆ ಸಂಬಂಧಿಸಿದ ಪದಗಳ ಬಗ್ಗೆ

ಮಾನ್ಯರೇ,

ಕಲಬುರಗಿಯಲ್ಲಿ ಹಳೆಯ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳನ್ನು ಇಂದಿಗೂ ಅಕ್ಕರೆಯಿಂದ ಓಡಿಸುತ್ತಿರುವ ಕೆಲವು ಗೆಳೆಯರಿಗಾಗಿ, ಅವುಗಳ ಬ್ರೇಕಿನ ಹಾಗೂ ಪೆಟ್ರೋಲಿನ ಕೊಳವೆಗಳನ್ನು ಬದಲಿಸುವ ಕ್ರಮವನ್ನು ಕನ್ನಡದಲ್ಲಿ ಬರೆದುಕೊಡಲು ಹೊರಟಿದ್ದೇನೆ. ಕೆಲಸದ ಕ್ರಮ ತಿಳಿದಿದೆ, ತೊಡಕಿರುವುದು ಪದಗಳಲ್ಲಿ. ಇಂಥ ಬರಹದಲ್ಲಿ ಒಂದು ಪದ ಹಳಿ ತಪ್ಪಿದರೆ ಓದಿದವರು ಅಂಗಡಿಯಿಂದ ಬೇರೆ ಸಾಮಾನು ತರುತ್ತಾರೆ, ಇಲ್ಲವೇ ಗಾಡಿಯ ಕೆಳಗೆ ಮಲಗಿದವರು ಮಾಡಬಾರದ ಹೊತ್ತಿನಲ್ಲಿ ಮಾಡಬಾರದ ಕೆಲಸ ಮಾಡುತ್ತಾರೆ. ಹೀಗಾಗಿ ನನ್ನ ಆಯ್ಕೆಗಳನ್ನು ಕಾರಣಸಹಿತ ನಿಮ್ಮ ಮುಂದಿಟ್ಟು ಅಭಿಪ್ರಾಯ ಕೇಳುತ್ತಿದ್ದೇನೆ.

ಮೊದಲನೆಯದು ‘ಲೈನು’. ಇಂಗ್ಲಿಷ್ ಕೈಪಿಡಿಗಳಲ್ಲಿ ಬ್ರೇಕ್ ಲೈನ್, ಫ್ಯೂಯಲ್ ಲೈನ್ ಎಂದಿರುವುದನ್ನು ಹಾಗೆಯೇ ಉಳಿಸಿಕೊಳ್ಳಬಹುದೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ನಮ್ಮ ಗ್ಯಾರೇಜುಗಳಲ್ಲಿ ‘ಬ್ರೇಕ್ ಲೈನರ್’ ಎಂಬ ಮಾತು ಬಹಳ ಹಿಂದಿನಿಂದ ರೂಢಿಯಲ್ಲಿದೆ, ಅದರ ಅರ್ಥ ಬ್ರೇಕ್ ಶೂವಿನ ಮೇಲೆ ಕೂತು ಡ್ರಮ್ಮಿಗೆ ಉಜ್ಜಿ ಸವೆಯುವ ಪಟ್ಟಿ. ಹುಮನಾಬಾದ್ ರಸ್ತೆಯ ಕಡೆಯ ಅಂಗಡಿಗೆ ಹೋಗಿ ‘ಬ್ರೇಕ್ ಲೈನ್ ಕೊಡ್ರಿ’ ಎಂದರೆ ಲೈನರಿನ ಡಬ್ಬಿಯೇ ಮೇಜಿನ ಮೇಲೆ ಬರುವ ಸಂಭವ ಹೆಚ್ಚು. ಇದರ ಜೊತೆಗೆ, ನಮ್ಮ ಭಾಗದಲ್ಲಿ ಬರಿದೇ ‘ಲೈನು’ ಎಂದರೆ ಹೊಲದ ಪೈಪ್‌ಲೈನೋ ಕಂಬದ ಮೇಲಿನ ವಿದ್ಯುತ್ ತಂತಿಯೋ ನೆನಪಿಗೆ ಬರುತ್ತದೆ. ಆದ್ದರಿಂದ ಈ ಪದವನ್ನು ಪೂರ್ತಿಯಾಗಿ ಬಿಟ್ಟಿದ್ದೇನೆ.

ಬದಲಿಗೆ ಕನ್ನಡದಲ್ಲಿ ಹಲವು ಪದಗಳಿವೆ. ‘ನಾಳ’ ರಕ್ತನಾಳ, ಅನ್ನನಾಳಗಳಲ್ಲಿ ದೇಹಕ್ಕೆ ಸಲ್ಲುವ ಪದವಾಗಿ ನಿಂತುಬಿಟ್ಟಿದೆ. ‘ನಳಿಗೆ’ ಎಂದರೆ ಬಂದೂಕಿನದು. ‘ನಳ’ವಂತೂ ನಮ್ಮಲ್ಲಿ ನೀರು ಬರುವ ನಲ್ಲಿಯೇ. ಕೊಳವೆಬಾವಿಯ ದೆಸೆಯಿಂದ ಓದು ಬಾರದವರಿಗೂ ಪರಿಚಿತವಾಗಿರುವ ‘ಕೊಳವೆ’ಯನ್ನು ಒಟ್ಟು ವ್ಯವಸ್ಥೆಯನ್ನು ಸೂಚಿಸುವ ಸಾಮಾನ್ಯ ಪದವಾಗಿ ಇಟ್ಟುಕೊಂಡಿದ್ದೇನೆ. ಆದರೆ ಕೆಲಸದ ವಿವರಕ್ಕೆ ಇಳಿದಾಗ ಈ ಒಂದೇ ಪದ ಸಾಲದು, ಏಕೆಂದರೆ ಪೆಡಲು ತುಳಿದಾಗ ದ್ರವವನ್ನು ಒತ್ತಿ ಕಳಿಸುವ ಮಾಸ್ಟರ್ ಸಿಲಿಂಡರಿನಿಂದ ಗಾಲಿಯವರೆಗಿನ ದಾರಿಯಲ್ಲಿ ಎರಡು ಬೇರೆ ಜಾತಿಯ ಕೊಳವೆಗಳಿವೆ. ಚಾಸಿಗೆ ಕ್ಲಿಪ್ಪಿನಿಂದ ಬಿಗಿದಿರುವ, ಸಾಮಾನ್ಯವಾಗಿ 3/16 ಅಂಗುಲ ಹೊರವ್ಯಾಸದ ಉಕ್ಕಿನ ಗಟ್ಟಿ ಕೊಳವೆ ಒಂದು. ಗಾಲಿಗಳು ಏಳುವಾಗ ಬೀಳುವಾಗ ಬಾಗಲೆಂದು ಮುಂದಿನ ಎರಡು ಗಾಲಿಗಳಿಗೆ ಒಂದೊಂದು, ಹಿಂದಿನ ಅಚ್ಚಿಗೆ ಒಂದು ಎಂಬಂತೆ ಸಾಮಾನ್ಯವಾಗಿ ಇರುವ ರಬ್ಬರಿನ ಕೊಳವೆ ಇನ್ನೊಂದು. ಇವುಗಳ ಕೇಡೂ ಬೇರೆಬೇರೆ. ಉಕ್ಕಿನದು ಹೊರಗಿನಿಂದ ತುಕ್ಕು ತಿಂದು ತೂತಾಗುತ್ತದೆ, ಕಣ್ಣಿಗೆ ಕಾಣುತ್ತದೆ. ರಬ್ಬರಿನದು ಹೊರಗೆ ನೆಟ್ಟಗಿದ್ದು ಒಳಗೆ ಊದಿಕೊಂಡು, ತುಳಿದಾಗ ಒತ್ತಡವನ್ನು ಗಾಲಿಯತ್ತ ಹೋಗಗೊಟ್ಟು, ಕಾಲು ತೆಗೆದಾಗ ಹಿಂದಕ್ಕೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಆಗ ಒಂದು ಗಾಲಿಯ ಬ್ರೇಕು ಹಿಡಿದೇ ಇದ್ದು ಡ್ರಮ್ಮು ಕಾಯುತ್ತದೆ. ಗ್ಯಾರೇಜಿನಲ್ಲಿ ಗಟ್ಟಿಯದಕ್ಕೆ ‘ಪೈಪು’ ಎಂದೂ ಬಾಗುವುದಕ್ಕೆ ‘ಹೋಸು’ ಎಂದೂ ಹೇಳುವ ರೂಢಿಯಿದೆ, ಆದರೆ ಎಷ್ಟೋ ಜನ ಎರಡನೆಯದಕ್ಕೆ ‘ಹೋಸ್ ಪೈಪು’ ಎಂದು ಗೆರೆ ಅಳಿಸಿಬಿಡುತ್ತಾರೆ. ನಾನು ‘ಪೈಪು’ ಮತ್ತು ‘ರಬ್ಬರ್ ಹೋಸು’ ಎಂದು ಕಟ್ಟುನಿಟ್ಟಾಗಿ ಬೇರ್ಪಡಿಸಿ ಬರೆಯುತ್ತಿದ್ದೇನೆ.

‘ತುಕ್ಕು’ ಎಂಬ ಗ್ರಂಥರೂಪದ ಜೊತೆಗೆ ನಮ್ಮ ಕಡೆಯ ‘ಜಂಗು’ ಎಂಬುದನ್ನೂ ಒಮ್ಮೆ ಕೊಟ್ಟಿದ್ದೇನೆ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ಸೀಮೆಯಲ್ಲಿ ಉರ್ದುವಿನಿಂದ ಬಂದ ಜಂಗು, ಹವಾ, ಮರಮ್ಮತ್ತು ಮೊದಲಾದ ಮಾತುಗಳು ಮಿಸ್ತ್ರಿಗಳ ಬಾಯಲ್ಲಿ ಮನೆಮಾತಿನಂತೆಯೇ ಇವೆ, ಅವನ್ನು ಹೊರಗಿಟ್ಟು ಬರೆದರೆ ಯಾರಿಗಾಗಿ ಬರೆಯುತ್ತೇವೋ ಅವರಿಗೇ ಬರಹ ದೂರವಾಗುತ್ತದೆ. ಜಂಗಿನ ಮಾತು ಬಂದದ್ದು ಪೈಪಿನ ತುದಿಯನ್ನು ಜೋಡಣೆಗೆ ಬಿಗಿಯುವ ಯೂನಿಯನ್ ನಟ್ಟಿನ ವಿವರಣೆಯಲ್ಲಿ. ದಶಕಗಳಿಂದ ಬಿಚ್ಚದ ನಟ್ಟು ಪೈಪಿಗೇ ಜಂಗು ಹಿಡಿದು ಕೂತಿರುತ್ತದೆ. ಪಾನಾ ಹಾಕಿ ತಿರುಗಿಸಿದರೆ ನಟ್ಟಿನ ಜೊತೆ ಪೈಪೂ ಬಟ್ಟೆ ಹಿಂಡಿದಂತೆ ಹೊರಳಿ, ನಟ್ಟಿನ ಹಿಂದೆಯೇ ಸೀಳುತ್ತದೆ. ಇದನ್ನು ‘ತಿರುಚು’ ಎನ್ನಲೇ ‘ಹೊರಳು’ ಎನ್ನಲೇ ಎಂದು ಯೋಚಿಸಿ, ಕೈಯಿಂದ ಬೇಕೆಂದೇ ಮಾಡುವುದಕ್ಕೆ ‘ತಿರುಚು’, ತಾನಾಗಿ ಆಗುವುದಕ್ಕೆ ‘ಹೊರಳು’ ಎಂದು ಇಟ್ಟುಕೊಂಡಿದ್ದೇನೆ.

ಪೈಪಿನ ತುದಿಯನ್ನು ಫ್ಲೇರ್ ಮಾಡುವುದಕ್ಕೆ, ಎಂದರೆ ಕಹಳೆಯ ಬಾಯಿಯಂತೆ ಅಗಲಿಸುವುದಕ್ಕೆ, ‘ಬಾಯಿ ಅರಳಿಸುವುದು’ ಎಂಬ ಮಾತು ಅಂದವಾಗಿದೆ, ಕಣ್ಣಿಗೆ ಕಟ್ಟುವಂತೆಯೂ ಇದೆ. ಆದರೆ ಫ್ರಿಜ್ಜಿನ ಕೆಲಸದವರು ಮೆತ್ತನೆಯ ತಾಮ್ರದ ಪೈಪಿಗೆ ಒಂದೇ ಪದರವಾಗಿ ಬಾಯಿ ಅರಳಿಸುತ್ತಾರೆ. ಬ್ರೇಕಿಗೆ ಅದು ಸಲ್ಲದು. ಜೋರಾಗಿ ತುಳಿದಾಗ ಬ್ರೇಕ್ ಪೈಪಿನೊಳಗಿನ ಒತ್ತಡ ಚದರ ಅಂಗುಲಕ್ಕೆ 1000 ಪೌಂಡನ್ನೂ ಮೀರಬಲ್ಲದು, ಹೀಗಾಗಿ ಅಂಚನ್ನು ಒಳಕ್ಕೆ ಮಡಚಿ ಎರಡು ಪದರ ಮಾಡಿದ ಮೇಲೆ ಬಾಯಿ ಅರಳಿಸಬೇಕು. ಒಂದು ಪದರದ್ದು ಸೀಳುತ್ತದೆ. ಆದ್ದರಿಂದ ‘ಮಡಚಿ ಅರಳಿಸಿದ ಬಾಯಿ’ ಎಂದು ಬರೆದಿದ್ದೇನೆ. ಉದ್ದವಾಯಿತು, ನಿಜ, ಆದರೆ ‘ಮಡಚಿ’ ಎಂಬ ಪದವನ್ನು ಇಲ್ಲಿ ಬಿಡಲು ನನಗೆ ಮನಸ್ಸಿಲ್ಲ. ಶುದ್ಧ ತಾಮ್ರದ ಪೈಪು ನಡುಗುತ್ತ ನಡುಗುತ್ತ ಗಡುಸಾಗಿ ಬಿರುಕು ಬಿಡುತ್ತದೆ ಎಂಬ ಕಾರಣಕ್ಕೆ, ಸುಮಾರು ಹತ್ತನೇ ಒಂದು ಪಾಲು ನಿಕಲ್ ಬೆರೆತ ಮಿಶ್ರಲೋಹವನ್ನು ‘ತಾಮ್ರ-ನಿಕಲ್’ ಎಂದೇ ಹೇಳಿದ್ದೇನೆ, ‘ತಾಂಬಾದ ಪೈಪು’ ಎಂದು ಎಲ್ಲಿಯೂ ಬರೆದಿಲ್ಲ.

ಇನ್ನು ‘ಬ್ರೇಕ್ ಆಯಿಲ್’. ಇದನ್ನು ಎಲ್ಲರೂ ಆಡುತ್ತಾರೆ, ಕೆಲವರು ‘ಬ್ರೇಕ್ ಎಣ್ಣೆ’ ಎಂದು ಕನ್ನಡಿಸುತ್ತಾರೆ. ರೂಢಿಯ ಮಾತನ್ನು ಮೀರಲೇಬೇಕೆಂದು ನಾನು ಹಟ ಹಿಡಿಯುವ ಒಂದೇ ಜಾಗ ಇದು. ನಮ್ಮ ಹಳೆಯ ಕಾರುಗಳಲ್ಲಿ ಹಾಕುವ ಡಾಟ್ 3, ಡಾಟ್ 4 ದರ್ಜೆಯ ದ್ರವ ಗ್ಲೈಕಾಲ್ ಜಾತಿಗೆ ಸೇರಿದ್ದು. ಅದು ನೀರಿನೊಡನೆ ಬೆರೆಯುತ್ತದೆ, ಗಾಳಿಯ ತೇವವನ್ನು ಹೀರುತ್ತದೆ, ಬಣ್ಣದ ಮೇಲೆ ಬಿದ್ದರೆ ಬಣ್ಣ ಎಬ್ಬಿಸುತ್ತದೆ. ಇವು ಎಣ್ಣೆಯ ಗುಣಗಳಲ್ಲ. ‘ಆಯಿಲ್’ ಎಂಬ ಮಾತನ್ನು ನಂಬಿ ಎಂಜಿನ್ ಆಯಿಲನ್ನು ಸ್ವಲ್ಪ ಸುರಿದರೂ ಸಿಲಿಂಡರುಗಳ ರಬ್ಬರ್ ವಾಷರುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಹಾಗಾಗಿ ‘ಬ್ರೇಕ್ ದ್ರವ’ ಎಂದು ಬರೆದು, ‘ಅಂಗಡಿಯವರು ಇದನ್ನೇ ಬ್ರೇಕ್ ಆಯಿಲ್ ಎನ್ನುತ್ತಾರೆ’ ಎಂಬ ಒಂದು ಸಾಲನ್ನು ಸೇರಿಸಿದ್ದೇನೆ.

ಹೊಸ ಕೊಳವೆ ಕೂರಿಸಿದ ಮೇಲೆ ಒಳಗಿನ ಗಾಳಿಯನ್ನು ಹೊರಗೆ ಹಾಕುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬ್ಲೀಡಿಂಗ್ ಎನ್ನುತ್ತಾರೆ, ಯಂತ್ರಾನುವಾದದಲ್ಲಿ ಅದು ‘ರಕ್ತಸ್ರಾವ’ವಾಗಿ ಬರುವುದನ್ನು ಕಂಡಿದ್ದೇನೆ. ಕಲಬುರಗಿಯ ಮಿಸ್ತ್ರಿಗಳು ‘ಹವಾ ತೆಗೆಯೂದು’ ಎನ್ನುತ್ತಾರೆ, ಇದಕ್ಕಿಂತ ಸರಿಯಾದ ಮಾತು ನನಗೆ ಕಾಣುತ್ತಿಲ್ಲ. ಟಾಯರಿನ ಹವಾ ತೆಗೆಯುವುದಕ್ಕೂ ಇದೇ ಮಾತಿರುವುದರಿಂದ ‘ಬ್ರೇಕಿನ ಹವಾ’ ಎಂದು ಪ್ರತಿಸಲ ಸೇರಿಸಿದರೆ ಸಾಕು. ನನಗೆ ಆತಂಕವಿರುವುದು ‘ಬಿಡು’ ಎಂಬ ಕ್ರಿಯಾಪದದ ಬಗ್ಗೆ. ಒಬ್ಬರು ಒಳಗೆ ಕೂತು ಪೆಡಲು ತುಳಿಯುತ್ತಾರೆ, ಇನ್ನೊಬ್ಬರು ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಗಾಲಿಯ ಹಿಂದೆ ಕೂತು, ಹವಾ ಹೊರಬರಲೆಂದು ಅಲ್ಲಿರುವ ಪುಟ್ಟ ತಿರುಪನ್ನು, ಅಂದರೆ ನಿಪ್ಪಲ್ಲನ್ನು, ಕಾಲು ಸುತ್ತು ಸಡಿಲಿಸುತ್ತಾರೆ. ದ್ರವ ತುಂಬಿದ ಶೀಶೆಯಲ್ಲಿ ಮುಳುಗಿದ ಪಾರದರ್ಶಕ ನಳಿಯ ತುದಿಯಿಂದ ಗುಳ್ಳೆಗಳು ಏಳುತ್ತವೆ. ನಿಪ್ಪಲ್ಲು ಬಿಗಿದ ಮೇಲಷ್ಟೇ ಪೆಡಲಿನಿಂದ ಕಾಲು ತೆಗೆಯಬೇಕು. ನಿಪ್ಪಲ್ಲು ತೆರೆದಿರುವಾಗಲೇ ಹಿಂದಿನಿಂದ ‘ಬಿಡ್ರಿ’ ಎಂಬ ಕೂಗು ಬಂದರೆ, ಕೂಗಿದವರ ಮನಸ್ಸಿನಲ್ಲಿ ‘ಹವಾ ಹೊರಗೆ ಬಿಡಿ, ಇನ್ನೂ ತುಳಿಯಿರಿ’ ಎಂದಿದ್ದರೂ ಒಳಗಿದ್ದವರು ಪೆಡಲು ಬಿಡುತ್ತಾರೆ, ಹೊರಗೆ ಹೋಗಬೇಕಾದ ಹವಾ ಮರಳಿ ಒಳಕ್ಕೆ ಸೇರಬಹುದು. ಆದ್ದರಿಂದ ಕೂಗಿ ಹೇಳುವ ಮಾತುಗಳನ್ನು ‘ತುಳೀರಿ’, ‘ಹಿಡೀರಿ’, ‘ಕಾಲು ತೆಗೀರಿ’ ಎಂದು ಗೊತ್ತು ಮಾಡಿ, ‘ಬಿಡು’ವನ್ನು ಈ ಅಧ್ಯಾಯದಿಂದಲೇ ತೆಗೆದಿದ್ದೇನೆ. ಹಳೆಯ ಗಾಡಿಗಳಲ್ಲಿ ನಾಲ್ಕೂ ಗಾಲಿಗಳಿಗೆ ಒಂದೇ ಮಾರ್ಗವಿದ್ದಾಗ ಎಲ್ಲಾದರೂ ಉಳಿದ ಹವಾ ಇಡೀ ಬ್ರೇಕನ್ನೇ ಮೆತ್ತಗೆ ಮಾಡುತ್ತದೆ ಎಂಬುದರಿಂದ ಇಷ್ಟು ಎಚ್ಚರ.

ಪೆಟ್ರೋಲಿನ ಕೊಳವೆಯಲ್ಲಿ ಇದೇ ‘ಹವಾ’ ಇನ್ನೊಂದು ಗೊಂದಲ ತರುತ್ತದೆ. ಟಾಕಿಯಿಂದ ಎಂಜಿನ್ನಿನ ಪಕ್ಕದ ಯಾಂತ್ರಿಕ ಪಂಪಿನವರೆಗೆ ಪೆಟ್ರೋಲು ಬರುವುದು ಪಂಪಿನ ಎಳೆತದಿಂದ. ಈ ಭಾಗದ ಹೋಸಿನಲ್ಲಿ ಸೂಜಿಮೊನೆಯಷ್ಟು ಬಿರುಕಿದ್ದರೆ ಎಂಜಿನ್ ಓಡುತ್ತಿರುವಾಗ ಹನಿ ಬೀಳದೆ ಗಾಳಿ ಒಳಕ್ಕೆ ಸೇರಬಹುದು. ಹೊಲದ ಪಂಪಿಗೆ ನಾವು ‘ಏರ್ ಹಿಡದದ’ ಎನ್ನುವುದು ಇದಕ್ಕೂ ಸಲ್ಲುತ್ತದೆ. 2023ರಿಂದ ಬರತೊಡಗಿದ, 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ಕಾಲದ ರಬ್ಬರು ತಾಳದೆ ಮೆತ್ತಗಾಗುವುದೋ ಬಿರಿಯುವುದೋ ಆಗುವುದರಿಂದ, ಎಥನಾಲಿಗೆ ತಾಳುವ ಹೋಸನ್ನೇ ಕೇಳಿ ತರಬೇಕೆಂದು ಬರೆದಿದ್ದೇನೆ. ಇದಕ್ಕಿಂತ ಬೇರೆಯದೇ ಕೇಡು, ಪಾರಾ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾಣುವಂಥದ್ದು: ಕಾದ ಪಂಪಿನಲ್ಲಿ ಅಥವಾ ಸೈಲೆನ್ಸರಿಗೆ ಹತ್ತಿರದ ಪೈಪಿನಲ್ಲಿ ಪೆಟ್ರೋಲೇ ಆವಿಯಾಗಿ ದಾರಿ ಕಟ್ಟುತ್ತದೆ, ಗಾಡಿ ನಿಲ್ಲುತ್ತದೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿದರೆ ಮತ್ತೆ ಹೊರಡುತ್ತದೆ. ಎರಡಕ್ಕೂ ಗ್ಯಾರೇಜಿನಲ್ಲಿ ‘ಏರ್ ಲಾಕ್’ ಎಂದೇ ಹೇಳುತ್ತಾರೆ. ಮದ್ದು ಬೇರೆ ಇರುವಾಗ ಹೆಸರು ಒಂದೇ ಆದರೆ ಒಳ್ಳೆಯ ಹೋಸನ್ನು ಕಿತ್ತು ಹೊಸದು ಹಾಕಿ, ಬಿಸಿಯ ಪಕ್ಕದಲ್ಲಿ ಹಾದ ಪೈಪನ್ನು ಹಾಗೆಯೇ ಬಿಟ್ಟುಬಿಡುತ್ತಾರೆ.

ಈ ಎರಡನೆಯದಕ್ಕೆ ‘ಆವಿಗಟ್ಟು’ ಎಂಬ ಪದವನ್ನು ಹೊಸೆದಿದ್ದೇನೆ. ‘ಉಸಿರುಗಟ್ಟು’ವಿನಲ್ಲಿ ಉಸಿರು ತಡೆದು ನಿಲ್ಲುತ್ತದೆ, ‘ಹೆಪ್ಪುಗಟ್ಟು’ವಿನಲ್ಲಿ ಹೆಪ್ಪು ಉಂಟಾಗುತ್ತದೆ, ಪೆಟ್ರೋಲಿನ ಪೈಪಿನಲ್ಲಿ ಆವಿ ಉಂಟಾಗುವುದೂ ಅದರಿಂದ ದಾರಿ ತಡೆಯುವುದೂ ಒಟ್ಟಿಗೇ ನಡೆಯುವುದರಿಂದ ‘ಕಟ್ಟು’ವಿನ ಎರಡೂ ಅರ್ಥಗಳು ಇಲ್ಲಿ ಹೊಂದುತ್ತವೆ ಎಂದು ನನ್ನ ಎಣಿಕೆ. ‘ಪಂಪು ಆವಿಗಟ್ಟಿದೆ’ ಎಂದರೆ ಕೇಳಿದವರಿಗೆ ಕೂಡಲೇ ತಿಳಿಯುವುದೇ, ಅಥವಾ ‘ಆವಿ ಹಿಡಿದಿದೆ’ ಎಂಬುದೇ ‘ಏರ್ ಹಿಡದದ’ದ ಪಕ್ಕದಲ್ಲಿ ಸಹಜವಾಗಿ ನಿಲ್ಲುವುದೇ ಎಂದು ಬಲ್ಲವರು ಹೇಳಬೇಕು. ಮರಾಠಿ ಬೆರೆತ ಬೀದರಿನ ಮಾತಿನಲ್ಲೋ ತೆಲುಗಿನ ನಂಟಿರುವ ಯಾದಗಿರಿಯ ಕಡೆಯಲ್ಲೋ ಇದಕ್ಕೆ ಮಿಸ್ತ್ರಿಗಳ ಬೇರೆ ಮಾತಿದ್ದರೆ, ಅದನ್ನು ಆಡುವ ಪೂರ್ತಿ ವಾಕ್ಯದ ಸಮೇತ ದಯವಿಟ್ಟು ತಿಳಿಸಿ.