ಸಹಾಯ ಬೇಕು: ಆಟೋರಿಮೂವ್ ಕೊಟ್ಟರೆ ಕನ್ನಡ ಟೈಪಿಂಗೂ ಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟು 22.04 ಹಾಕಿಕೊಂಡು ತಿಂಗಳಾಯಿತು. ಆದೇಶಗಳನ್ನು ಟೈಪ್ ಮಾಡಿ ಕೊಡುವ ಟರ್ಮಿನಲ್ ಕಂಡರೆ ಇನ್ನೂ ಅಳುಕು. ಮಗಳ ಹಟಕ್ಕೆ ‘ಸುಡೊ ಆಪ್ಟ್ ಇನ್‌ಸ್ಟಾಲ್’ ಕೊಟ್ಟು ಧ್ವನಿ ಎಡಿಟ್ ಮಾಡುವ ಆಡಾಸಿಟಿ ಹಾಕಿದ್ದೆ. ನಿನ್ನೆ ‘ರಿಮೂವ್’ ಕೊಟ್ಟು ತೆಗೆದೆ. ಅದರ ಜೊತೆ ಬಂದ ಪ್ಯಾಕೇಜುಗಳು ಮಾತ್ರ ಮದುವೆ ಮುಗಿದರೂ ಹೊರಡದ ನೆಂಟರಂತೆ ಉಳಿದಿವೆ.

ಹೀಗೆ ಬೇಡವಾಗಿ ಉಳಿದವನ್ನು ಒಟ್ಟಿಗೆ ತೆಗೆಯುವ ‘ಆಟೋರಿಮೂವ್’ ಕೊಟ್ಟೆ. ಅಳಿಸುವ ಪಟ್ಟಿಯಲ್ಲಿ ‘ಐಬಸ್-ಎಂ17ಎನ್’ ಕಂಡು ಎದೆ ಧಸಕ್ಕೆಂದಿತು. ‘ಎನ್’ ಒತ್ತಿ ಹೊರಬಂದೆ. ನಾನು ಕನ್ನಡ ಟೈಪ್ ಮಾಡುವುದೇ ಅದರಿಂದ. ಪಹಣಿ ತಿದ್ದುಪಡಿ ಅರ್ಜಿ ಬರೆಸಲು ಬರುವವರಿಗೆ ಏನು ಹೇಳಲಿ?

‘ಆಪ್ಟ್-ಮಾರ್ಕ್ ಮ್ಯಾನುಯಲ್’ ಕೊಟ್ಟು, ಅಂದರೆ ನಾನೇ ಹಾಕಿಕೊಂಡದ್ದೆಂದು ಗುರುತು ಮಾಡಿ, ಐಬಸ್-ಎಂ17ಎನ್ ಒಂದನ್ನು ಉಳಿಸಿಕೊಂಡರೆ ಸಾಕೇ? ಆಡಾಸಿಟಿಯ ಸೆಟ್ಟಿಂಗ್ ಕಡತಗಳು ‘ಪರ್ಜ್’ ಕೊಟ್ಟರೆ ಅಳಿಯುತ್ತವೆಯೇ, ಹೋಮ್ ಫೋಲ್ಡರಿನಲ್ಲಿ ಇರುವುದನ್ನು ನಾನೇ ಅಳಿಸಬೇಕೇ? ಬಲ್ಲವರು ತಿಳಿಸಿ.