ದಪ್ಪ ಪ್ಲೇಟಿನ ಬಾರ್ಬೆಕ್ಯೂ ಗ್ರಿಲ್ ನಾವೇ ಮಾಡಬೇಕು ಅಂತಿದ್ದೀವಿ, ಎಷ್ಟು ಎಂಎಂ ಹಾಕಲಿ?

ವಾಕಡ್ ಹುಡುಗ (ಪುಣೆ):

ಎಲ್ಲರಿಗೂ ನಮಸ್ಕಾರ. ಸೋಲಾಪುರ ರಸ್ತೆಯಲ್ಲಿ ಯವತ್ ದಾಟಿದ ಮೇಲೆ ನಮ್ಮ ಅಣ್ಣನ ಹೊಲ ಇದೆ. ಜನವರಿಯಲ್ಲಿ ಊರಿಂದ ಎಲ್ಲರೂ ಬರುತ್ತಾರೆ, ಒಟ್ಟು 30 ಜನ ಆಗ್ತಾರೆ. ಎಳೆ ಜೋಳದ ತೆನೆಗೆ ನಮ್ಮ ಕಡೆ ಸೀತನಿ ಅಂತೀವಲ್ಲ, ಇಲ್ಲಿಯವರು ಹುರ್ಡಾ ಅಂತಾರೆ, ಅದನ್ನು ಕುಳ್ಳಿನ ಕೆಂಡದಲ್ಲಿ ಕುಣಿ ತೆಗೆದು ಹಳೇ ಪದ್ಧತಿಯಲ್ಲೇ ಸುಡ್ತೀವಿ. ಅದರಲ್ಲಿ ತೊಂದರೆ ಇಲ್ಲ. ತೊಂದರೆ ಇರೋದು ರಾತ್ರಿ ಊಟದ ಚಿಕನ್, ಮೀನು, ಪನೀರ್, ಮೆಕ್ಕೆಜೋಳದ ತೆನೆಗೆ.

ಹೋದ ವರ್ಷ ರೆಡಿಮೇಡ್ ಗ್ರಿಲ್ ಒಂದು ತಂದಿದ್ದೆವು. ಮೂರನೇ ಸಲ ಹಚ್ಚಿದಾಗಲೇ ತಳ ಬಾಗಿತು, ಕಾಲು ಅಲ್ಲಾಡೋಕೆ ಶುರುವಾಯಿತು, ಮಳೆಗಾಲ ಮುಗಿಯೋ ಹೊತ್ತಿಗೆ ತಳದಲ್ಲಿ ಬೆರಳು ತೂರುವಷ್ಟು ತೂತು. ಸುತ್ತ ಮಕ್ಕಳು ಓಡಾಡ್ತಾ ಇರ್ತಾರೆ. ಕೆಂಡ ತುಂಬಿದ ಪೆಟ್ಟಿಗೆ ಅಲ್ಲಾಡಿದರೆ ಎದೆ ಝಲ್ ಅನ್ನುತ್ತೆ. ಅದಕ್ಕೇ ಈ ಸಲ ಜೀವಮಾನ ಬಾಳಿಕೆ ಬರುವಂಥದ್ದನ್ನು ನಾವೇ ಮಾಡೋಣ ಅಂತ ತೀರ್ಮಾನ ಮಾಡಿದ್ದೀವಿ.

ನನ್ನ ಲೆಕ್ಕ ಹೀಗಿದೆ. ಪೆಟ್ಟಿಗೆ 1000 ಎಂಎಂ ಉದ್ದ, 450 ಅಗಲ, 250 ಆಳ. ಎಲ್ಲಾ ಕಡೆ 6 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮಾಮೂಲಿ ಕಬ್ಬಿಣ) ಪ್ಲೇಟ್. ಸ್ಟ್ಯಾಂಡಿಗೆ 40 x 40 x 5 ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ). ಮೇಲಿನ ಜಾಳಿಗೆ ಮನೆ ಕಟ್ಟುವಾಗ ಉಳಿದ 10 ಎಂಎಂ ಸರಳು ಇದೆ, ಅದನ್ನೇ ಹಾಕಿ ವೆಲ್ಡ್ ಮಾಡಿಬಿಡೋಣ ಅಂತ. 200 ಆಂಪಿಯರ್ ಇನ್ವರ್ಟರ್ ವೆಲ್ಡಿಂಗ್ ಮಷೀನ್ ಇದೆ, ಗೇಟು, ಕಿಟಕಿ ಗ್ರಿಲ್ ಮಾಡಿದ ಅಭ್ಯಾಸ ಇದೆ. ಇಷ್ಟೆಲ್ಲ ಯಾಕೆ, ಜೂನಾ ಬಜಾರಲ್ಲಿ (ಹಳೇ ಸಾಮಾನಿನ ಸಂತೆ) 200 ಲೀಟರ್ ಡ್ರಮ್ ತಂದು ಉದ್ದಕ್ಕೆ ಸೀಳಿದರೆ ಆಯ್ತು ಅಂತ ಒಬ್ಬ ಗೆಳೆಯ ಹೇಳ್ತಾನೆ. ಇನ್ನೊಬ್ಬ ಹಳೇ ಗ್ಯಾಸ್ ಸಿಲಿಂಡರ್ ಕತ್ತರಿಸು ಅಂತಾನೆ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಭೋಸರಿ ಫ್ಯಾಬ್ರಿಕೇಶನ್:

ಮೊದಲು ಸಿಲಿಂಡರ್ ಮಾತು ಬಿಡಿ ತಮ್ಮಾ. ಮನೆಯಲ್ಲಿರೋ ಗ್ಯಾಸ್ ಸಿಲಿಂಡರ್ ನಮ್ಮದಲ್ಲ, ಡಿಪಾಸಿಟ್ ಇಟ್ಟು ತಂದಿರೋದು, ಅದು ಕಂಪನಿಯದೇ ಸ್ವತ್ತು. ಅದಕ್ಕಿಂತ ಮುಖ್ಯ, ಖಾಲಿ ಅನ್ನಿಸಿದ ಸಿಲಿಂಡರ್ ಒಳಗೂ ಗ್ಯಾಸ್ ಉಳಿದಿರುತ್ತೆ. ಗ್ರೈಂಡರ್ ಹಚ್ಚಿದರೆ ಒಂದು ಕಿಡಿ ಸಾಕು. ಡ್ರಮ್ಮಿಗೂ ಇದೇ ಮಾತು. ಒಳಗೆ ಮೊದಲು ಏನಿತ್ತು ಅಂತ ಗೊತ್ತಿಲ್ಲದ ಮುಚ್ಚಿದ ಡ್ರಮ್ಮಿಗೆ ಕಟ್ಟರ್ ಹಚ್ಚಲೇಬಾರದು. ಥಿನ್ನರ್ ಇತ್ತೋ, ಕೆಮಿಕಲ್ ಇತ್ತೋ, ನೀವು ತಿನ್ನೋ ಅನ್ನದ ಮೇಲೆ ಅದರ ಹೊಗೆ ಯಾಕೆ ಬೇಕು? ಮೇಲಾಗಿ ಡ್ರಮ್ಮಿನ ತಗಡು ಸುಮಾರು 1 ಎಂಎಂ ಅಷ್ಟೇ. ಹೋದ ವರ್ಷದ ಕಥೆಯೇ ಮತ್ತೆ ಆಗುತ್ತೆ.

ಈಗ ನಿಮ್ಮ 6 ಎಂಎಂ ವಿಷಯ. ಕಬ್ಬಿಣದ ಪ್ಲೇಟು 1 ಎಂಎಂ ದಪ್ಪಕ್ಕೆ ಚದರ ಮೀಟರಿಗೆ 7.85 ಕೆ.ಜಿ. ತೂಗುತ್ತೆ. ನೀವು ಹೇಳಿದ ಅಳತೆಗೆ ತಳ, ನಾಲ್ಕು ಗೋಡೆ ಸೇರಿ ಸುಮಾರು 1.175 ಚದರ ಮೀಟರ್. ಎಲ್ಲಾ 6 ಎಂಎಂ ಅಂದರೆ ಬರೀ ಪೆಟ್ಟಿಗೆಯೇ 55 ಕೆ.ಜಿ. ಸ್ಟ್ಯಾಂಡಿಗೆ 9 ಮೀಟರ್ ಆಂಗಲ್ ಹಿಡಿದರೆ ಇನ್ನೊಂದು 27 ಕೆ.ಜಿ. ಮೇಲೆ ಜಾಳಿ, ಮುಚ್ಚಳ. ನೂರು ಕೆ.ಜಿ. ದಾಟುತ್ತೆ. ಯಾರು ಎತ್ತಿ ಟೆಂಪೋಗೆ ಹಾಕ್ತಾರೆ? ಕೆಂಡ ಕೂರೋ ಜಾಗಕ್ಕೆ ದಪ್ಪ ಬೇಕು, ಗೋಡೆಗೆ ಅಷ್ಟು ಬೇಡ. ತಳಕ್ಕೆ 5, ಗೋಡೆಗೆ 3 ಹಾಕಿ. ಪೆಟ್ಟಿಗೆ 35 ಕೆ.ಜಿ.ಗೆ ಇಳಿಯುತ್ತೆ, ಈ ಕೆಲಸಕ್ಕೆ ಆ ಗಟ್ಟಿತನ ಸಾಕು. ಗೋಡೆಯ ಮೇಲಂಚಿಗೆ ಸುತ್ತಲೂ 25 ಎಂಎಂ ಆಂಗಲ್ ಕೊಡಿ, ಗೋಡೆ ಬಾಗದ ಹಾಗೆ ಹಿಡಿಯೋದು ಅದೇ.

ನಿಮ್ಮ ಹಳೇ ಗ್ರಿಲ್ಲಿನ ತಳ ತೂತಾಗಿದ್ದು ತಗಡು ತೆಳ್ಳಗಿತ್ತು ಅಂತ ಮಾತ್ರ ಅಲ್ಲ. ಇದ್ದಿಲು ನೇರವಾಗಿ ತಳದ ಮೇಲೇ ಕೂತಿತ್ತು ಅಲ್ವಾ? ಅದೇ ತಪ್ಪು. ತಳದಿಂದ 50 ಎಂಎಂ ಮೇಲೆ ಇದ್ದಿಲಿಗೇ ಒಂದು ಜಾಳಿ ಬೇಕು. ಬೂದಿ ಕೆಳಗೆ ಉದುರುತ್ತೆ, ಗಾಳಿ ಕೆಳಗಿನಿಂದ ಬರುತ್ತೆ, ತಳದ ಪ್ಲೇಟು ಕೆಂಪಗೆ ಕಾಯೋದೇ ಇಲ್ಲ. ಗಾಳಿಗೆ ಎರಡೂ ಬದಿಗೆ ಕೆಳಗಡೆ ತೂತು ಕೊಟ್ಟು ಮೇಲೆ ಜಾರುವ ಪಟ್ಟಿ ಇಡಿ. ತೆರೆದರೆ ಕೆಂಡ ಏರುತ್ತೆ, ಮುಚ್ಚಿದರೆ ಇಳಿಯುತ್ತೆ. ಇದೊಂದು ಸರಿ ಇದ್ದರೆ ಅರ್ಧ ಕೆಲಸ ಆದ ಹಾಗೆ.

ಇನ್ನು ಜಾಳಿ ವೆಲ್ಡ್ ಮಾಡಿಬಿಡೋಣ ಅಂದಿರಲ್ಲ, ಅದು ಬೇಡವೇ ಬೇಡ. ಕಬ್ಬಿಣ ಕಾದರೆ ಹಿಗ್ಗುತ್ತೆ. 1 ಮೀಟರ್ ಎಂಎಸ್ 300 ಡಿಗ್ರಿ ಜಾಸ್ತಿ ಕಾದರೆ 3.6 ಎಂಎಂ ಬೆಳೆಯುತ್ತೆ, ಸ್ಟೇನ್‌ಲೆಸ್ ಆದರೆ 5 ಎಂಎಂಗಿಂತ ಜಾಸ್ತಿ. ಎರಡೂ ಕಡೆ ಕಟ್ಟಿಹಾಕಿದರೆ ಅದು ಎಲ್ಲಿಗೆ ಹೋಗಬೇಕು? ಬಿಲ್ಲಿನ ಹಾಗೆ ಬಾಗುತ್ತೆ, ಇಲ್ಲ ವೆಲ್ಡ್ ಬಿರುಕು ಬಿಡುತ್ತೆ. ಒಳಗೋಡೆಗೆ ಆಂಗಲ್ ಪಟ್ಟಿ ಹೊಡೆದು ಅದರ ಮೇಲೆ ಜಾಳಿ ಸುಮ್ನೆ ಇಡಿ, ಎಲ್ಲಾ ಕಡೆ 3-4 ಎಂಎಂ ಸಡಿಲ ಬಿಟ್ಟು. ಒಂದೇ ಜಾಳಿ ಬೇಡ, ಮೂರು ತುಂಡು ಮಾಡಿ. ಒಂದೊಂದು ಐದು ಕೆ.ಜಿ. ಒಳಗೆ ಇರುತ್ತೆ, ಒಂದೇ ಕೈಯಲ್ಲಿ ಎತ್ತಬಹುದು.

ಮನೆ ಕಟ್ಟೋ ಸರಳಿಗೆ ಮೈತುಂಬ ಗೀರು ಇರುತ್ತೆ. ಆ ಸಂದಿಯಲ್ಲಿ ಎಣ್ಣೆ, ಮಸಾಲೆ ಕೂತು ತುಕ್ಕು ಹಿಡಿಯುತ್ತೆ, ಉಜ್ಜಿದರೂ ಹೋಗಲ್ಲ. ನಯವಾದ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲಿನ ಒಂದು ಗ್ರೇಡ್) ರೌಂಡ್ ಬಾರ್ 10 ಎಂಎಂ ತಗೊಳ್ಳಿ, ನಡುವೆ 12 ಎಂಎಂ ಸಂದಿ ಬಿಡಿ. ಅಂಗಡಿಯವರು ಮ್ಯಾಗ್ನೆಟ್ ಇಟ್ಟು ಅಂಟಲ್ಲ ನೋಡಿ ಅಂತ ತೋರಿಸ್ತಾರೆ. ಅಗ್ಗದ 202 ಗ್ರೇಡಿಗೂ ಮ್ಯಾಗ್ನೆಟ್ ಅಂಟಲ್ಲ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ವೆಲ್ಡಿಂಗ್ ರಾಡ್ ಎಂಎಸ್‌ಗೆ 6013, ಎಸ್‌ಎಸ್‌ಗೆ 308ಎಲ್, ಎಸ್‌ಎಸ್ ಮತ್ತು ಎಂಎಸ್ ಒಟ್ಟಿಗೆ ಕೂಡಿಸಬೇಕು ಅಂದರೆ 309ಎಲ್. 3 ಎಂಎಂ ಗೋಡೆಗೆ ಒಂದೇ ಸಮನೆ ಉದ್ದ ವೆಲ್ಡ್ ಎಳೆಯಬೇಡಿ. ಮೂಲೆಯಿಂದ ಮೂಲೆಗೆ ಟ್ಯಾಕ್ (ಹಿಡಿದು ನಿಲ್ಲಿಸೋ ಚಿಕ್ಕ ವೆಲ್ಡ್) ಹೊಡೆದು, ಆಮೇಲೆ ಒಂದೊಂದು ಇಂಚು ಜಾಗ ಬದಲಿಸುತ್ತಾ ತುಂಬಿ. ಸೊಟ್ಟ ಆಗಲ್ಲ.

ಕೊನೇ ಮಾತು, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಅಗ್ಗ ಸಿಗ್ತು ಅಂತ ಬೆಂಕಿ ಹತ್ತಿರ ಎಲ್ಲೂ ಹಾಕಬೇಡಿ. ಅದರ ಮೇಲಿರೋ ಸತು 420 ಡಿಗ್ರಿಗೇ ಕರಗುತ್ತೆ, ವೆಲ್ಡ್ ಮಾಡುವಾಗ ಬಿಳಿ ಹೊಗೆ ಬರುತ್ತೆ. ಆ ಹೊಗೆ ಕುಡಿದು ರಾತ್ರಿ ಚಳಿಜ್ವರ ಬಂದು ನಡುಗಿದ ಹುಡುಗರನ್ನು ನಾನೇ ಮನೆಗೆ ಬಿಟ್ಟು ಬಂದಿದ್ದೇನೆ.

ಡೊಂಬಿವಲಿ ಅಕ್ಕ:

ವೆಲ್ಡಿಂಗ್ ನನಗೆ ಗೊತ್ತಿಲ್ಲ, ಕೆಂಡದ ಅಡುಗೆ ಗೊತ್ತು. ನಮ್ಮದು ಕುಂದಾಪುರ ಕಡೆ, ಇಲ್ಲಿ ಮನೆಯವರ ಜೊತೆ ಕೇಟರಿಂಗ್ ಮಾಡ್ತೇನೆ. ಭೋಸರಿ ಅಣ್ಣ ಹೇಳಿದ ಆ ಆಂಗಲ್ ಪಟ್ಟಿ ಒಂದೇ ಎತ್ತರದಲ್ಲಿ ಹೊಡೆಯಬೇಡಿ. ಮೂರು ಮಟ್ಟದಲ್ಲಿ ಹೊಡೆಯಿರಿ. ಕೆಂಡದಿಂದ ಜಾಳಿಗೆ 10 ಸೆಂ.ಮೀ. ಒಂದು, 15 ಒಂದು, ಇನ್ನೂ ಮೇಲೆ ಒಂದು. ಬಂಗುಡೆಗೆ ಕೆಳಗಿನದು, ಕಾಲು ಇರುವ ದಪ್ಪ ಚಿಕನ್ ತುಂಡಿಗೆ ಮೇಲಿನದು. ಚಿಕನ್ನನ್ನು ಹತ್ತಿರ ಇಟ್ಟರೆ ಹೊರಗೆ ಕಪ್ಪು, ಎಲುಬಿನ ಹತ್ತಿರ ಹಸಿ. ಮೂವತ್ತು ಜನಕ್ಕೆ ಬಡಿಸುವಾಗ ಅದು ಆಗಬಾರದು. ಜಾಳಿಯ ಮಟ್ಟದಲ್ಲಿ ಅಂಗೈ ಹಿಡಿದು ನೋಡಿ. ಎರಡು ಮೂರು ಸೆಕೆಂಡಿಗೆ ಕೈ ತೆಗೆಯಬೇಕು ಅನ್ನಿಸಿದರೆ ಜೋರು ಕೆಂಡ, ಐದಾರು ಸೆಕೆಂಡ್ ತಡೆದರೆ ಹದ.

ಇದ್ದಿಲು ಪೆಟ್ಟಿಗೆ ತುಂಬ ಹರಡಬೇಡಿ. ಮೂರರಲ್ಲಿ ಎರಡು ಭಾಗಕ್ಕೆ ಮಾತ್ರ ಹಾಕಿ, ಒಂದು ಭಾಗ ಖಾಲಿ ಇರಲಿ. ಕೊಬ್ಬು ತೊಟ್ಟಿಕ್ಕಿ ಬೆಂಕಿ ಎದ್ದರೆ ತಕ್ಷಣ ತುಂಡುಗಳನ್ನು ಆ ಖಾಲಿ ಕಡೆ ಸರಿಸಬಹುದು. ನಿಮ್ಮ ಅಳತೆಗೆ 3 ಕೆ.ಜಿ. ಇದ್ದಿಲಲ್ಲಿ ಶುರು ಮಾಡಿ, ಪಕ್ಕದಲ್ಲಿ ಒಂದು ಬಾಣಲೆಯಲ್ಲಿ ಇನ್ನಷ್ಟು ಕೆಂಡ ಮಾಡಿ ಇಟ್ಟುಕೊಳ್ಳಿ. ಹಸಿ ಇದ್ದಿಲನ್ನು ಅಡುಗೆಯ ಕೆಳಗೇ ಸುರಿದರೆ ಹೊಗೆ ವಾಸನೆ ಹಿಡಿಯುತ್ತೆ. ಊರಲ್ಲಿ ಸಿಗುವ ತೆಂಗಿನ ಗೆರಟೆಯ ಕೆಂಡ ಬಹಳ ಬಿಸಿ, ಆದರೆ ಬೇಗ ಆರುತ್ತೆ. ಮೀನಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಮೀನು ಅಂಟುತ್ತೆ ಅಂತ ಎಲ್ಲರೂ ಹೇಳ್ತಾರೆ. ಜಾಳಿ ಸರಿಯಾಗಿ ಕಾಯದೆ ಇಡೋದರಿಂದ ಅಂಟುತ್ತೆ. ಹತ್ತು ನಿಮಿಷ ಖಾಲಿ ಜಾಳಿ ಕಾಯಲಿ, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಸರಳಿನ ಮೇಲೆ ಉಜ್ಜಿ, ಆಮೇಲೆ ಮೀನಿಡಿ. ತಾನಾಗಿ ಬಿಟ್ಟುಕೊಳ್ಳುವ ತನಕ ಮಗುಚಬೇಡಿ. ನಿಮ್ಮಲ್ಲಿ ಸಸ್ಯಾಹಾರಿಗಳೂ ಇರ್ತಾರಲ್ಲ? ಮೂರು ಜಾಳಿಯಲ್ಲಿ ಒಂದನ್ನು ಅವರಿಗೇ ಅಂತ ಮೀಸಲು ಇಡಿ, ಅದಕ್ಕೆ ಗುರುತಿಗೆ ಬೇರೆ ಆಕಾರದ ಹಿಡಿಕೆ ವೆಲ್ಡ್ ಮಾಡಿ. ನಮ್ಮ ಅತ್ತೆ ಮೀನು ಸುಟ್ಟ ಜಾಳಿ ಮೇಲಿನ ತೆನೆ ಮುಟ್ಟೋದಿಲ್ಲ, ಅವರು ಹಸಿದು ಕೂರುವುದು ನನಗೆ ಇಷ್ಟ ಆಗುವುದಿಲ್ಲ.

ವಾಸ್ಕೋ ಕಡಲು (ಗೋವಾ):

ನಾನು ಒಂದು ಮಾತು ಬೇರೆ ಹೇಳ್ತೀನಿ. ಹೊಲದಲ್ಲಿ ಒಂದೇ ಜಾಗದಲ್ಲಿ ಇಡೋದಾದರೆ ಕಬ್ಬಿಣದ ಪೆಟ್ಟಿಗೆ ಯಾಕೆ? ಇಟ್ಟಿಗೆ ಕಟ್ಟೆ ಕಟ್ಟಿ, ಒಳಗೆ ಫೈರ್ ಬ್ರಿಕ್ (ಬೆಂಕಿ ತಡೆಯೋ ಇಟ್ಟಿಗೆ) ಇಟ್ಟು, ಮೇಲೆ ಜಾಳಿ ಇಡಿ. ಇಲ್ಲಿ ಉಪ್ಪುಗಾಳಿಗೆ ನನ್ನ ಮೊದಲನೇ ಗ್ರಿಲ್ ಎರಡೇ ಮಳೆಗಾಲಕ್ಕೆ ಪದರ ಪದರ ಎದ್ದು ಹೋಯಿತು. ಕಟ್ಟೆ ಈಗ ಆರನೇ ವರ್ಷ.

ಆದರೆ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮೊದಲು ಹೊಳೆಯಿಂದ ಗುಂಡುಕಲ್ಲು ತಂದು ಸುತ್ತ ಜೋಡಿಸಿದ್ದೆ, ನೋಡೋಕೆ ಚೆನ್ನಾಗಿತ್ತು. ಅರ್ಧ ಗಂಟೆಗೆ ಒಂದು ಕಲ್ಲು ಢಂ ಅಂತ ಒಡೆದು ಚೂರು ಹಾರಿತು. ಒಳಗೆ ನೀರು ಇರುತ್ತೆ, ಅದು ಹಬೆಯಾಗಿ ಒಡೆಯುತ್ತೆ. ನನ್ನ ಮಗಳು ಎರಡು ಹೆಜ್ಜೆ ದೂರದಲ್ಲಿದ್ದಳು, ಇವತ್ತಿಗೂ ನೆನೆಸಿಕೊಂಡರೆ ಮೈ ನಡುಗುತ್ತೆ. ಸಿಮೆಂಟ್ ನೆಲದ ಮೇಲೆ ನೇರ ಬೆಂಕಿ ಹಾಕಿದರೂ ಮೇಲಿನ ಪದರ ಸಿಡಿಯುತ್ತೆ.

ಪೆಟ್ಟಿಗೆಯೇ ಬೇಕು ಅಂದರೆ ಬೂದಿಯನ್ನು ಮರುದಿನವೇ ತೆಗೆಯಿರಿ. ಬೂದಿ ಒದ್ದೆಯಾದರೆ ಕಬ್ಬಿಣವನ್ನು ತಿನ್ನುತ್ತೆ. ನಿಮ್ಮ ಹಳೇ ಗ್ರಿಲ್ ಮಳೆಗಾಲ ಪೂರ್ತಿ ಬೂದಿ ಸಮೇತ ಹೊರಗೇ ಇತ್ತಾ?

ವಾಕಡ್ ಹುಡುಗ:

ಹೌದು ಅಣ್ಣ, ಬೂದಿ ಸಮೇತ ಹೊರಗೇ ಇತ್ತು. ತಗಡಿನದೇ ತಪ್ಪು ಅಂದುಕೊಂಡಿದ್ದೆ. ಎಲ್ಲರ ಉತ್ತರ ಅಣ್ಣನಿಗೂ ಓದಿ ಹೇಳಿದೆ. ಫೈರ್ ಬ್ರಿಕ್ಕನ್ನು ಪೆಟ್ಟಿಗೆಯ ಒಳಗೇ ಹಾಸಿದರೆ ಹೇಗೆ? ಇನ್ನೊಂದು, ಪೇಂಟ್ ಯಾವುದು? ಗಾಲಿ ಹಾಕಬೇಕಾ?

ಭೋಸರಿ ಫ್ಯಾಬ್ರಿಕೇಶನ್:

ವಾಸ್ಕೋದವರು ಹೇಳಿದ್ದು ಸರಿ, ಆದರೆ ಕಟ್ಟೆಗೆ ಸರಿ. ಫೈರ್ ಬ್ರಿಕ್ 230 x 115 x 75 ಅಳತೆ, ಒಂದೊಂದು ಸುಮಾರು 4 ಕೆ.ಜಿ. ನಿಮ್ಮ ತಳಕ್ಕೆ 17 ಬೇಕು. ಸುಮಾರು 68 ಕೆ.ಜಿ. ಮತ್ತೆ ಸೇರಿತು, 250 ಆಳದಲ್ಲಿ 75 ಹೋಯಿತು. ಇದ್ದಿಲಿನ ಜಾಳಿ ಇದ್ದರೆ ಇಟ್ಟಿಗೆ ಬೇಕಾಗಲ್ಲ.

ಪೇಂಟ್ ಹೊರಗೆ ಮಾತ್ರ. 600 ಡಿಗ್ರಿ ತಡೆಯೋ ಸಿಲಿಕಾನ್ ಅಲ್ಯುಮಿನಿಯಂ ಪೇಂಟ್ ಅಂತ ಕೇಳಿ. ಮಾಮೂಲಿ ಎನಾಮೆಲ್ ಮೊದಲನೇ ದಿನವೇ ಗುಳ್ಳೆ ಏಳುತ್ತೆ. ಒಳಗೆ ಏನೂ ಬಳಿಯಬೇಡಿ. ಒಳಗೋಡೆಗೆ ತೆಳುವಾಗಿ ಅಡುಗೆ ಎಣ್ಣೆ ಸವರಿ, ಖಾಲಿ ಗ್ರಿಲ್ಲನ್ನೇ ಒಂದು ಗಂಟೆ ಉರಿಸಿ, ಆಮೇಲೆ ಅಡುಗೆ.

ಗಾಲಿ ಒಂದೇ ಬದಿಗೆ ಎರಡು, ಕಬ್ಬಿಣದ್ದೇ. ಇನ್ನೊಂದು ಬದಿಗೆ ಅಗಲ ಪಾದದ ಕಾಲು. ಕೈಗಾಡಿ ಹಾಗೆ ಎತ್ತಿ ತಳ್ಳಬಹುದು, ಇಟ್ಟ ಮೇಲೆ ಜಾರಲ್ಲ. ನಾಲ್ಕೂ ಗಾಲಿ ಹಾಕಿದರೆ ನಿಮಗಿರೋ ಆ ಮಕ್ಕಳ ಭಯ ಹೋಗೋದೇ ಇಲ್ಲ. ಕಾಲುಗಳನ್ನು ಕೆಳಗೆ ಒಂದೊಂದು ಕಡೆ 100 ಎಂಎಂ ಹೊರಗೆ ಚಾಚಿಸಿ, ಜಾಳಿಯ ಎತ್ತರ ನೆಲದಿಂದ 850 ಎಂಎಂ ಇರಲಿ. ಮುಚ್ಚಳಕ್ಕೆ 2 ಎಂಎಂ ಸಾಕು, ಅದರ ಮೇಲೂ ಒಂದು ಗಾಳಿಕಿಂಡಿ ಬೇಕು.

ಡೊಂಬಿವಲಿ ಅಕ್ಕ:

ರಾತ್ರಿ ಚಳಿ ಇದೆ ಅಂತ ಉಳಿದ ಕೆಂಡವನ್ನು ಮಲಗುವ ಕೋಣೆಗೆ ಮಾತ್ರ ಒಯ್ಯಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತೆ. ಊರಿಂದ ಬಂದ ಹಿರಿಯರು ಚಳಿಗೆ ಹಾಗೆ ಕೇಳೇ ಕೇಳ್ತಾರೆ, ಕೊಡಬೇಡಿ, ಇನ್ನೊಂದು ಕಂಬಳಿ ಕೊಡಿ.

ವಾಕಡ್ ಹುಡುಗ:

ಅಕ್ಕ, ಹೋದ ವರ್ಷ ಅಪ್ಪ ನಿಜವಾಗಿಯೂ ಕೇಳಿದ್ದರು. ಈ ಸಲ ಕಂಬಳಿ ಜಾಸ್ತಿ ತರಿಸ್ತೀನಿ.

ತಳ 5, ಗೋಡೆ 3, ಮೂರು ಬಿಡಿ ಜಾಳಿ, ಮೂರು ಮಟ್ಟ, ಎರಡು ಗಾಲಿ. ಶನಿವಾರ ಪ್ಲೇಟ್ ಕಟ್ಟಿಂಗಿಗೆ ಕೊಡ್ತೀನಿ. ಸಸ್ಯಾಹಾರಿ ಜಾಳಿಗೆ ಉಂಗುರದ ಹಿಡಿಕೆ, ಉಳಿದ ಎರಡಕ್ಕೆ ನೇರ ಹಿಡಿಕೆ. ಟ್ಯಾಕ್ ಹೊಡೆದ ಮೇಲೆ ಫೋಟೋ ಹಾಕ್ತೀನಿ, ಭೋಸರಿ ಅಣ್ಣ, ಪೂರ್ತಿ ವೆಲ್ಡ್ ಮಾಡೋ ಮೊದಲು ಒಮ್ಮೆ ನೋಡಿ ಹೇಳಿ.